ಸೈಕಲ್ಲೂ ಬಾಡಿಗೆಯ ಮನೆಯೂ

ಹೊಸ ಊರಿಗೆ ಸಂಸಾರ ಸಾಗಿಸುವವನು ಮನೆ ಹುಡುಕುವಾಗ ಕೇಳಬೇಕಾದ ಪ್ರಶ್ನೆಗಳನ್ನು ಲೋಕವು ಅವನಿಗಾಗಿ ಮೊದಲೇ ಸಿದ್ಧಮಾಡಿ ಇಟ್ಟಿರುತ್ತದೆ. ಬಾಡಿಗೆ ಎಷ್ಟು, ಮುಂಗಡ ಎಷ್ಟು? ಕಾವೇರಿ ನೀರು ಬರುತ್ತದೆಯೋ, ಟ್ಯಾಂಕರೇ ಗತಿಯೋ? ಮಕ್ಕಳ ಶಾಲೆ ಎಷ್ಟು ದೂರ? ನೆರೆಹೊರೆ ಎಂಥದು? ಇವನ್ನು ಕೇಳಬಾರದೆಂದು ಯಾರೂ ಹೇಳಲಾರರು. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿದ್ದನ್ನು ಕಂಡವರಂತೂ ನೀರಿನ ಪ್ರಶ್ನೆಯನ್ನೇ ಮೊದಲು ಕೇಳುತ್ತಾರೆ. ನಾನೂ ಕೇಳಿದೆ. ಆದರೆ ನನ್ನ ಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆಯಿತ್ತು. ಅದನ್ನು ಬಾಯಿಬಿಟ್ಟು ಆಡಿದಾಗಲೆಲ್ಲ ಮನೆ ತೋರಿಸಲು ಬಂದ ದಲ್ಲಾಳಿ ನನ್ನ ಮುಖವನ್ನು ಇನ್ನೊಮ್ಮೆ ನೋಡುತ್ತಿದ್ದ. ಇಲ್ಲಿಂದ ಕಬ್ಬನ್ ಪಾರ್ಕಿನ ತನಕ ಸೈಕಲ್ಲಿನಲ್ಲಿ ಹೋಗಬಹುದೆ?

“ಯಾರಿಗೆ ಸಾರ್, ಮಗನಿಗಾ?” ಎಂದ ಒಬ್ಬ.

“ನನಗೆ.”

“ಯೋಚನೆ ಮಾಡಬೇಡಿ ಸಾರ್, ಕಾರಿಗೇ ಜಾಗ ಇದೆ” ಎಂದು ಆತ ನನಗೆ ಸಮಾಧಾನ ಹೇಳಿದ.

ಮೈಸೂರಿನಲ್ಲಿದ್ದಷ್ಟು ಕಾಲ ಇದು ಪ್ರಶ್ನೆಯೇ ಆಗಿರಲಿಲ್ಲ. ಸರಸ್ವತೀಪುರದ ಮನೆಯಿಂದ ಕೆಲಸಕ್ಕೆ ಇಪ್ಪತ್ತೆರಡು ವರ್ಷ ಸೈಕಲ್ಲಿನಲ್ಲೇ ಹೋಗಿ ಬಂದೆ. ಯಾರೂ ಅದನ್ನು ಹೊಗಳಲಿಲ್ಲ, ಯಾರೂ ತೆಗಳಲಿಲ್ಲ. ೨೦೧೭ರಲ್ಲಿ ಆ ಊರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನ ಬಾಡಿಗೆ ಸೈಕಲ್ಲುಗಳು ಬಂದಾಗ ಹುಡುಗರೂ ಪ್ರವಾಸಿಗಳೂ ಅವುಗಳನ್ನೇರಿ ಹೊರಟರು, ನಾನು ನನ್ನ ಹಳೆಯದನ್ನೇರಿ ಅವರ ಪಕ್ಕದಲ್ಲಿ ಹೋದೆ. ವರ್ಗವಾಗಿ ಬೆಂಗಳೂರಿಗೆ ಬರಬೇಕಾದಾಗ, ಐವತ್ತರ ಹತ್ತಿರ ಬಂದ ಮನುಷ್ಯ ತನ್ನ ಸೈಕಲ್ಲಿಗೆ ತಕ್ಕ ಬಡಾವಣೆಯನ್ನು ಹುಡುಕುತ್ತಾನೆ ಎಂಬುದು ನಗೆಗೆ ವಸ್ತುವಾಯಿತು. ನಕ್ಕವರನ್ನು ನಾನು ದೂರುವುದಿಲ್ಲ. ನಗೆಯ ಹಿಂದೆ ಒಂದು ನ್ಯಾಯವಾದ ಆಕ್ಷೇಪವಿದೆ. ಒಬ್ಬನ ಅಭ್ಯಾಸವೊಂದು ಮೂವರು ಎಲ್ಲಿ ಬದುಕಬೇಕೆಂಬುದನ್ನು ನಿಶ್ಚಯಿಸಬಹುದೆ?

ಕೆಲವು ಮಿತ್ರರು ನನ್ನ ನೆರವಿಗೆ ಬಂದರು. “ಇದು ಅಭ್ಯಾಸವಲ್ಲ, ತತ್ತ್ವ ಅನ್ನಿ” ಎಂದರು. ಹೊಗೆ ಕಡಿಮೆಯಾಗುತ್ತದೆ, ಪೆಟ್ರೋಲು ಉಳಿಯುತ್ತದೆ, ಭೂಮಿಯ ತಾಪ ತಗ್ಗುತ್ತದೆ, ಹಾಗನ್ನಿ ಎಂದರು. ಇವೆಲ್ಲ ನಿಜವೇ. ಆದರೆ ನಾನು ಸೈಕಲ್ಲು ತುಳಿಯುವುದು ಇವುಗಳಿಗಾಗಿ ಅಲ್ಲ. ಬೆಳಗಿನ ಒಂಬತ್ತು ಗಂಟೆಗೆ ಮುಖಕ್ಕೆ ಗಾಳಿ ಬಡಿದರೆ ಆ ದಿನ ನನ್ನದೆನ್ನಿಸುತ್ತದೆ. ಹೂವಿನವಳು ಯಾವ ಹೂ ತಂದಿದ್ದಾಳೆ, ಯಾರ ಮನೆಯ ಮುಂದೆ ಚಪ್ಪರ ಬಿದ್ದಿದೆ, ಯಾವ ಅಂಗಡಿ ಬಾಗಿಲು ಹಾಕಿದೆ ಎಂಬುದೆಲ್ಲ ತಿಳಿಯುತ್ತದೆ. ಇದು ಸುಖ. ಸುಖಕ್ಕೆ ತತ್ತ್ವದ ಪಂಚೆ ಉಡಿಸಿ ಮನೆಯವರ ಮುಂದೆ ತಂದು ನಿಲ್ಲಿಸುವುದು ಸರಿಯಲ್ಲ ಎಂದು ನನ್ನ ಭಾವನೆ. ಏಕೆಂದರೆ ತತ್ತ್ವವು ಮನೆಯವರಿಂದ ತ್ಯಾಗವನ್ನು ಬೇಡಬಲ್ಲುದು. ಸುಖಕ್ಕೆ ಆ ಅಧಿಕಾರವಿಲ್ಲ. ಈ ದೇಶದಲ್ಲಿ ಎಷ್ಟೋ ಗೃಹಸ್ಥರು ತಮ್ಮ ಚಪಲಗಳನ್ನು ವ್ರತಗಳೆಂದು ಹೇಳಿ ಮನೆಯ ಹೆಂಗಸರ ಕೈಯಲ್ಲಿ ಸೇವೆ ಮಾಡಿಸಿಕೊಂಡಿದ್ದಾರೆ. ಅವರ ಸಾಲಿಗೆ ಸೇರುವ ಆಸೆ ನನಗಿರಲಿಲ್ಲ.

ನನ್ನ ಹೆಂಡತಿಯ ಎದುರು ಆ ಪಂಚೆ ನಿಲ್ಲುತ್ತಲೂ ಇರಲಿಲ್ಲ. ಎರಡು ಮನೆಗಳು ಕೊನೆಯ ತನಕ ಉಳಿದಿದ್ದವು. ಒಂದು, ಕನಕಪುರ ರಸ್ತೆಯ ಕಡೆ, ಊರಿನ ಅಂಚಿನಲ್ಲಿ ಎದ್ದ ಹೊಸ ಬಡಾವಣೆಯಲ್ಲಿ. ಮೂರು ಮಲಗುವ ಕೋಣೆ, ದೊಡ್ಡ ಅಡಿಗೆಮನೆ, ಮಕ್ಕಳಿಗೆ ಆಟದ ಬಯಲು, ಸುತ್ತ ಎತ್ತರದ ಗೋಡೆ, ಹೆಬ್ಬಾಗಿಲಲ್ಲಿ ಕಾವಲು. ಇನ್ನೊಂದು, ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಅಡಿಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲಿ ನಿಲ್ಲಬೇಕು. ಬಾಡಿಗೆ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಮೊದಲನೆಯದು ನನ್ನ ಕಚೇರಿಯಿಂದ ಸುಮಾರು ೧೫ ಕಿಲೋಮೀಟರು, ಎರಡನೆಯದು ಐದಾರು.

“ಹಾಗಾದರೆ ನಿಮ್ಮ ಸೈಕಲ್ಲಿಗೆ ಒಂದು ಕೋಣೆ, ಅರ್ಧ ಅಡಿಗೆಮನೆ ನಾವು ಕೊಡಬೇಕು. ಅಷ್ಟೇ ತಾನೆ?” ಎಂದಳು ಆಕೆ. ಕೋಪದಿಂದಲ್ಲ; ಮಾರುಕಟ್ಟೆಯಲ್ಲಿ ಬೆಲೆ ಕೇಳುವ ಧ್ವನಿಯಲ್ಲಿ. “ಮೆಟ್ರೋ ಇದೆಯಲ್ಲ, ಅದರಲ್ಲಿ ಹೋಗಿ.”

ಮೆಟ್ರೋ ಇರುವುದು ನಿಜ. ೨೦೨೧ರ ಜನವರಿಯಲ್ಲಿ ಹಸಿರು ಮಾರ್ಗ ಕನಕಪುರ ರಸ್ತೆಯಲ್ಲಿ ರೇಷ್ಮೆ ಸಂಸ್ಥೆಯ ತನಕ ಬಂತು. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿದರೆ ಕಬ್ಬನ್ ಪಾರ್ಕಿನಲ್ಲೇ ಇಳಿಯಬಹುದು. ಮಡಿಚುವ ಸೈಕಲ್ಲಾದರೆ ಅದನ್ನು ಜೊತೆಯಲ್ಲಿ ಒಯ್ಯಲು ೨೦೨೨ರಿಂದ ಅನುಮತಿಯೂ ಉಂಟು. ಮನೆಯಿಂದ ನಿಲ್ದಾಣದ ತನಕ ತುಳಿದು, ಮಡಿಚಿ, ಹೊತ್ತು, ಇಳಿದು, ಬಿಚ್ಚಿ, ಮತ್ತೆ ತುಳಿದು ಹೋಗುವವರನ್ನು ನಾನು ಗೌರವದಿಂದ ಕಾಣುತ್ತೇನೆ. ಆಕೆಯ ಮಾತಿಗೆ ನನ್ನಲ್ಲಿ ಒಡನೆಯೇ ಉತ್ತರವಿರಲಿಲ್ಲ.

ಉತ್ತರ ಹುಡುಕುತ್ತ ನಾನು ಮೊದಲು ಹೊತ್ತಿನ ಲೆಕ್ಕಕ್ಕೆ ಹೋದೆ. ಲೆಕ್ಕದಲ್ಲಿ ಗೆಲ್ಲುವುದು ಸುಲಭವೆಂಬ ಆಸೆ. ಚೆಸಾರೆ ಮಾರ್ಕೆಟ್ಟಿ ಎಂಬ ಇಟಲಿಯ ವಿದ್ವಾಂಸರು ೧೯೯೪ರಲ್ಲಿ ಬರೆದ ಲೇಖನವೊಂದಿದೆ. ಯಾವ ಕಾಲದಲ್ಲೂ ಯಾವ ದೇಶದಲ್ಲೂ ಮನುಷ್ಯ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾನೆ. ವಾಹನದ ವೇಗ ಹೆಚ್ಚಿದರೆ ಆ ಗಂಟೆ ಕಡಿಮೆಯಾಗುವುದಿಲ್ಲ, ಊರು ದೊಡ್ಡದಾಗುತ್ತದೆ ಎಂಬುದು ಅವರ ವಾದ. ಬೆಂಗಳೂರನ್ನು ನೋಡಿದರೆ ಇದನ್ನು ನಂಬಬೇಕೆನ್ನಿಸುತ್ತದೆ. ಕೆಂಪೇಗೌಡರ ಪೇಟೆಯನ್ನು ಯಲಹಂಕ ಬಾಗಿಲಿನಿಂದ ಕೋಟೆಯ ತನಕ ಅರ್ಧ ಗಂಟೆಯೊಳಗೆ ನಡೆದು ಮುಗಿಸಬಹುದು. ಸೈಕಲ್ಲಿನವನ ಊರು ಅದೇ ಅರ್ಧ ಗಂಟೆಗೆ ಆರೇಳು ಕಿಲೋಮೀಟರು. ಕಾರಿನವನ ಊರಿಗೆ ಈಗ ಅಂಚೇ ಇಲ್ಲ. ಅವನ ಅರ್ಧ ಗಂಟೆಯೂ ಎಂದೋ ಕೈಬಿಟ್ಟಿದೆ.

ಇವಾನ್ ಇಲ್ಲಿಚ್ ಇನ್ನೂ ಖಾರವಾದ ಲೆಕ್ಕ ಹಾಕಿದ್ದಾನೆ. ೧೯೭೪ರಲ್ಲಿ ಪ್ರಕಟವಾದ ಚಿಕ್ಕ ಪುಸ್ತಕವೊಂದರಲ್ಲಿ ಅವನು ಹೇಳುವಂತೆ ಅಮೆರಿಕದ ಸಾಧಾರಣ ಗೃಹಸ್ಥ ವರ್ಷಕ್ಕೆ ೧,೬೦೦ ಗಂಟೆಗೂ ಮೀರಿ ತನ್ನ ಕಾರಿಗೆ ಕೊಡುತ್ತಾನೆ. ಅದರಲ್ಲಿ ಕುಳಿತ ಹೊತ್ತು, ಅದು ಮುಂದೆ ಹೋಗದೆ ನಿಂತ ಹೊತ್ತು, ಅದರ ಕಂತು, ಪೆಟ್ರೋಲು, ವಿಮೆಗಳಿಗಾಗಿ ದುಡಿದ ಹೊತ್ತು, ಎಲ್ಲ ಸೇರಿ. ಆತ ಕ್ರಮಿಸುವುದು ೭,೫೦೦ ಮೈಲಿ. ಭಾಗಿಸಿದರೆ ಗಂಟೆಗೆ ಐದು ಮೈಲಿಯೂ ಬೀಳುವುದಿಲ್ಲ. ಸೈಕಲ್ಲು ಅದಕ್ಕಿಂತ ವೇಗ. ಇದನ್ನು ನಾನು ಮನೆಯಲ್ಲಿ ಉತ್ಸಾಹದಿಂದ ವಿವರಿಸಿದೆ. ನನ್ನ ಹೆಂಡತಿ ಕೇಳಿ, “ಅವನ ತಾಯಿಗೆ ಮಂಡಿನೋವು ಇರಲಿಲ್ಲವೇನೋ” ಎಂದಳು. ಇಲ್ಲಿಚ್‌ನ ಲೆಕ್ಕದಲ್ಲಿ ಸ್ವಲ್ಪ ವಕೀಲಿಕೆ ಇದೆ ಎಂಬುದನ್ನು ಒಪ್ಪಲೇಬೇಕು. ಕಾರಿನಲ್ಲಿ ಕುಳಿತವನು ಮಳೆಯಲ್ಲಿ ನೆನೆಯುವುದಿಲ್ಲ, ವಯಸ್ಸಾದವರನ್ನು ಆಸ್ಪತ್ರೆಗೆ ಒಯ್ಯುತ್ತಾನೆ. ಈ ಬಾಬ್ತುಗಳಿಗೆ ಅವನ ಖಾತೆಯಲ್ಲಿ ಜಮೆಯೇ ಇಲ್ಲ.

ಲೆಕ್ಕವನ್ನು ಬಿಟ್ಟು ನಾನು ನಕ್ಷೆಗೆ ಇಳಿದೆ. ಬೆಂಗಳೂರು ಸಮತಟ್ಟಾದ ಊರು ಎಂಬುದು ಮೋಟಾರಿನಲ್ಲಿ ಕುಳಿತವರ ಅಭಿಪ್ರಾಯ. ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಮೇಲಿರುವ ಒಂದು ಏಣಿನ ಮೇಲೆ ಊರು ಕುಳಿತಿದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯಾಗಿ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಈ ಭೂಗೋಳವನ್ನು ಸೈಕಲ್ಲಿನವನು ತೊಡೆಯಲ್ಲಿ ಕಲಿಯುತ್ತಾನೆ. ಆದರೆ ಹೊಸಬನಿಗೆ ಒಂದು ಅನುಕೂಲವಿದೆ: ಕನ್ನಡ ಬಂದರೆ ಸಾಕು, ಊರಿನ ಹೆಸರುಗಳೇ ಏರಿಳಿತವನ್ನು ಹೇಳುತ್ತವೆ. ಕೆರೆ, ಕುಂಟೆ, ಹಳ್ಳ ಎಂದರೆ ತಗ್ಗು. ದಿಣ್ಣೆ, ಗುಡ್ಡ ಎಂದರೆ ಏರು. ಕೋಣನಕುಂಟೆಗೆ ಇಳಿಯಬೇಕು, ಕೊತ್ತನೂರು ದಿಣ್ಣೆಗೆ ಏದುಸಿರು ಬಿಡಬೇಕು. ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದರಿಂದ ಮೆಜೆಸ್ಟಿಕ್ಕಿಗೆ ಯಾವ ಕಡೆಯಿಂದ ಬಂದರೂ ಇಳಿದು ಬರುತ್ತೇವೆ, ಹೋಗುವಾಗ ಹತ್ತುತ್ತೇವೆ. ಇಂಗ್ಲಿಷರು ಕೂಡ ರೇಸ್ ಕೋರ್ಸಿನ ಬಳಿಯ ಎತ್ತರಕ್ಕೆ ‘ಹೈ ಗ್ರೌಂಡ್ಸ್’ ಎಂದೇ ಹೆಸರಿಟ್ಟರು. ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರಿನ ಸುತ್ತ ಐಷಾರಾಮದ ಮನೆಗಳಿಗೆ ನೀರು ನುಗ್ಗಿದಾಗ, ಹೆಸರುಗಳನ್ನು ಓದದೆ ಮನೆ ಕೊಂಡವರಿಗೆ ನೀರೇ ಪಾಠ ಹೇಳಿತು.

ಏರಿಗಿಂತಲೂ ಮುಖ್ಯವಾದದ್ದು ಇನ್ನೊಂದಿದೆ. ಬಡಾವಣೆಯೊಂದು ಸೈಕಲ್ಲಿಗೆ ಒಪ್ಪುತ್ತದೆಯೋ ಇಲ್ಲವೋ ಎಂಬುದು ಅದರೊಳಗಿನ ಬೀದಿ ಎಷ್ಟು ಶಾಂತವಾಗಿದೆ ಎಂಬುದರಿಂದ ತಿಳಿಯುವುದಿಲ್ಲ. ಅದಕ್ಕೆ ಬಾಯಿಗಳು ಎಷ್ಟಿವೆ ಎಂಬುದರಿಂದ ತಿಳಿಯುತ್ತದೆ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಗಾಳಿ ಬೆಳಕುಗಳಿಲ್ಲದೆ ಜನ ಸತ್ತದ್ದನ್ನು ಕಂಡ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು: ಅಗಲವಾದ ನೇರ ಬೀದಿ, ಅದನ್ನು ಕತ್ತರಿಸುವ ಅಡ್ಡರಸ್ತೆ, ಮನೆಗಳ ಹಿಂದೆ ಜಾಡಮಾಲಿಗಳಿಗಾಗಿ ಬಿಟ್ಟ ಸಂದಿ. ಮೈಸೂರಿನಲ್ಲೂ ೧೯೦೩ರಲ್ಲಿ ನಗರಾಭಿವೃದ್ಧಿಯ ಮಂಡಳಿಯೊಂದು ಹುಟ್ಟಿ ಇಂಥದೇ ಕೆಲಸ ಮಾಡಿತು. ಅವರ ಮನಸ್ಸಿನಲ್ಲಿದ್ದುದು ಸೈಕಲ್ಲಲ್ಲ, ಇಲಿ. ಆದರೆ ಇಲಿಯ ಭಯಕ್ಕೆ ತೆರೆದ ಬೀದಿಗಳು ನೂರಿಪ್ಪತ್ತೈದು ವರ್ಷಗಳ ಮೇಲೆ ನನ್ನಂಥವನಿಗೆ ಒದಗಿದವು. ದೊಡ್ಡ ರಸ್ತೆಯಲ್ಲಿ ಲಾರಿ ಬಸ್ಸುಗಳು ಹೋಗಲಿ. ಅದರ ಪಕ್ಕದಲ್ಲಿ ಅದಕ್ಕೆ ಸಮಾನಾಂತರವಾಗಿ ಇನ್ನೊಂದು ಬೀದಿ ಇದ್ದೇ ಇರುತ್ತದೆ. ಒಂದು ಕಡೆ ಅಗೆದಿದ್ದರೆ ಮುಂದಿನ ಅಡ್ಡರಸ್ತೆಗೆ ತಿರುಗಿದರಾಯಿತು.

ಗೋಡೆ ಹಾಕಿಕೊಂಡ ಹೊಸ ಬಡಾವಣೆಗೆ ಬಾಯಿ ಒಂದೇ. ಒಳಗೆ ಗಿಡ ಮರ, ಕೋಗಿಲೆ. ಬಾಯಿಂದ ಹೊರಬಿದ್ದ ಕೂಡಲೇ ಹೆದ್ದಾರಿ. ನಡುವೆ ಏನೂ ಇಲ್ಲ.

ಕನಕಪುರ ರಸ್ತೆಯ ಮನೆಯನ್ನು ಎರಡನೆಯ ಸಲ ನೋಡಲು ನಾನೊಬ್ಬನೇ ಹೋಗಿದ್ದೆ. ಹೆಬ್ಬಾಗಿಲ ಹೊರಗೆ, ತಗಡಿನ ಮಾಡಿನ ಕೆಳಗೆ, ಹತ್ತಿಪ್ಪತ್ತು ಸೈಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಇಷ್ಟು ಸೈಕಲ್ಲುಗಳನ್ನು ಒಂದೆಡೆ ಕಂಡು ನನಗೆ ಸಂತೋಷವಾಗಿ ಕಾವಲಿನವನನ್ನು ಕೇಳಿದೆ. ಅವನು ರಾಯಚೂರಿನ ಕಡೆಯವನು. “ಇವು ನಮ್ಮವ್ರೀ, ಕೆಲಸದವರವು. ಒಳಗ ಬಿಡಂಗಿಲ್ರೀ” ಎಂದ. ಅವನ ಮನೆ ಎಲ್ಲಿ ಎಂದರೆ ಕೈ ಎತ್ತಿ ಗೋಡೆಯನ್ನೇ ತೋರಿಸಿದ. “ಗ್ವಾಡಿ ಆಚೀಗೇ ಐತ್ರೀ ನಮ್ಮ ಖೋಲಿ. ಮೊದಲ ಬದುವಿನ ಮ್ಯಾಲ ಹತ್ತು ಮಿನಿಟಿನ ದಾರಿ ಇತ್ತಂತ. ಈಗ ಮೇನ್ ರೋಡ್ ಸುತ್ತಿ ಬರಬೇಕ್ರೀ. ರಾತ್ರಿ ಲಾರಿ ಭಾಳ.”

ಆ ಮನೆ ನನಗೆ ಬೇಡವಾದದ್ದು ಆ ಕ್ಷಣದಲ್ಲಿ ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಒಳಗೆ ಹೋಗಿ ಅಡಿಗೆಮನೆಯನ್ನು ಮತ್ತೊಮ್ಮೆ ನೋಡಿದೆ. ಅದು ನಿಜವಾಗಿಯೂ ಚೆನ್ನಾಗಿತ್ತು. ಆದರೆ ಕಾವಲಿನವನ ಮಾತು ಬಸ್ಸಿನಲ್ಲಿ ನನ್ನ ಜೊತೆಗೇ ಬಂತು. ಗೋಡೆಯೊಳಗಿನ ಶಾಂತಿ ಗೋಡೆಯಿಂದಲೇ ಬಂದದ್ದು. ಅದರ ಬೆಲೆಯಲ್ಲಿ ಒಂದು ಪಾಲನ್ನು ನಾನು ಬಾಡಿಗೆಯಾಗಿ ಕೊಡುತ್ತೇನೆ. ಇನ್ನೊಂದು ಪಾಲನ್ನು ಅವನು ದಿನಾ ರಾತ್ರಿ ಲಾರಿಗಳ ನಡುವೆ ಕೊಡುತ್ತಾನೆ. ನಾನು ಸೈಕಲ್ಲಿನವನು, ಅವನೂ ಸೈಕಲ್ಲಿನವನು. ನಾನು ಸೈಕಲ್ಲನ್ನು ಆರಿಸಿಕೊಂಡವನು, ಬಡಾವಣೆಯನ್ನೂ ಆರಿಸಿಕೊಳ್ಳಬಲ್ಲವನು. ಅವನಿಗೆ ಎರಡೂ ಬಂದು ಒದಗಿದವು. ೨೦೧೧ರ ಜನಗಣತಿಯ ಪ್ರಕಾರ, ಬೇಸಾಯ ಮತ್ತು ಗೃಹೋದ್ಯೋಗಗಳಲ್ಲಿ ತೊಡಗಿದವರನ್ನು ಬಿಟ್ಟು ಉಳಿದ ದುಡಿಮೆಗಾರರಲ್ಲಿ ನೂರಕ್ಕೆ ಸುಮಾರು ಹದಿಮೂರು ಮಂದಿ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಅವರಲ್ಲಿ ‘ಸೈಕಲ್ಲಿಗೆ ತಕ್ಕ ಬಡಾವಣೆ ಯಾವುದು’ ಎಂದು ಕೇಳುವ ಸ್ಥಿತಿಯಲ್ಲಿದ್ದವರು ಎಷ್ಟು ಮಂದಿಯೋ!

ಇಲ್ಲಿ ಒಂದು ತೊಡಕಿದೆ. ನಾನು ಆ ಮನೆಯನ್ನು ಬಿಟ್ಟರೆ ಗೋಡೆ ಬೀಳುವುದೆ? ಬೀಳುವುದಿಲ್ಲ. ಮುಂದಿನ ವಾರ ಇನ್ನೊಂದು ಸಂಸಾರ ಬರುತ್ತದೆ, ಕಾವಲಿನವನು ಸುತ್ತು ಹಾಕಿಯೇ ಬರುತ್ತಾನೆ. ಹಾಗಾದರೆ ನನ್ನ ನಿರಾಕರಣೆಯಿಂದ ಯಾರಿಗೆ ಏನು ಲಾಭ? ನನ್ನ ಮನಸ್ಸಿಗೆ ಸ್ವಲ್ಪ ಮಡಿ, ಅಷ್ಟೇ. ಮಡಿಗಾಗಿ ಹೆಂಡತಿಯ ಅಡಿಗೆಮನೆಯನ್ನು ಕಿತ್ತುಕೊಳ್ಳುವುದು ಸುಖಕ್ಕಾಗಿ ಕಿತ್ತುಕೊಳ್ಳುವುದಕ್ಕಿಂತ ಹೇಗೆ ಮೇಲು? ಅಲ್ಲದೆ ಬಸವನಗುಡಿ ಕೂಡ ಆಕಾಶದಿಂದ ಇಳಿದದ್ದಲ್ಲ. ಯಾರದೋ ಹೊಲ ತೋಟಗಳ ಮೇಲೆ ಎದ್ದದ್ದು. ಹಿಂದಕ್ಕೆ ಹೋಗುತ್ತ ಹೋದರೆ ನಿರ್ದೋಷವಾದ ಮನೆ ಈ ಭೂಮಿಯ ಮೇಲೆ ಸಿಕ್ಕಲಾರದು. ಈ ವಾದಕ್ಕೆ ನಾನು ಬಹಳ ದಿನ ಎದುರಾದೆ; ಈಗಲೂ ಅದನ್ನು ಪೂರ್ತಿ ಗೆದ್ದಿದ್ದೇನೆಂದು ಹೇಳಲಾರೆ. ಆದರೆ ಒಂದು ವ್ಯತ್ಯಾಸ ನನಗೆ ಸ್ಪಷ್ಟವಾಗಿದೆ. ಬಸವನಗುಡಿಯ ಬೀದಿ ಯಾರ ಹೊಲದ ಮೇಲೆ ಎದ್ದಿದ್ದರೂ ಈಗ ಅದು ಎಲ್ಲರಿಗೂ ಬೀದಿ. ನಾನು ಅಲ್ಲಿ ವಾಸವಾದ ಮಾತ್ರಕ್ಕೆ ಅಲ್ಲಿ ಹಾದುಹೋಗುವವನ ದಾರಿ ಉದ್ದವಾಗುವುದಿಲ್ಲ. ಗೋಡೆಯ ಬಡಾವಣೆಯಲ್ಲಿ ನನ್ನ ಮನೆಯ ನೆಮ್ಮದಿ ಅವನ ಸುತ್ತುದಾರಿಯಿಂದ ದಿನದಿನವೂ ಹೊಸದಾಗಿ ತಯಾರಾಗುತ್ತದೆ. ಹಿಂದೆಂದೋ ನಡೆದ ಅನ್ಯಾಯದ ಮೇಲೆ ಮನೆ ಕಟ್ಟಿರುವುದು ಒಂದು. ಈ ದಿನ ನಡೆಯಬೇಕಾದ ಅನ್ಯಾಯಕ್ಕೆ ತಿಂಗಳ ವಂತಿಗೆ ಕೊಡುವುದು ಇನ್ನೊಂದು.

ಇದಕ್ಕೆ ಪೂರ್ತಿ ವಿರುದ್ಧವಾದ ದಿಕ್ಕಿನಿಂದ ಇನ್ನೊಬ್ಬ ಮಿತ್ರರು ನನ್ನನ್ನು ಹಿಡಿದರು. “ನೀವು ಸೈಕಲ್ಲಿನವರೆಲ್ಲ ಒಳ್ಳೆಯ ಬೀದಿ ಹುಡುಕಿಕೊಂಡು ಬಸವನಗುಡಿಗೆ ಸೇರಿದರೆ ಕೆಟ್ಟ ಬೀದಿಗಳಿಗಾಗಿ ಜಗಳವಾಡುವವರು ಯಾರು? ನೀವು ಇರಬೇಕಾದದ್ದು ಹೊರ ವರ್ತುಲ ರಸ್ತೆಯ ಪಕ್ಕದಲ್ಲಿ” ಎಂದರು. ಅವರು ಇರುವುದು ಮಲ್ಲೇಶ್ವರದಲ್ಲಿ, ಅದು ಬೇರೆ ಮಾತು. ಆದರೆ ಮಾತಿನಲ್ಲಿ ಸತ್ತ್ವವಿದೆ. ಸೈಕಲ್ಲಿನ ಸ್ವರ್ಗವೆಂದು ನಾವೆಲ್ಲ ಹೇಳುವ ಹಾಲೆಂಡು ಹುಟ್ಟಿನಿಂದಲೇ ಹಾಗಿರಲಿಲ್ಲ. ೧೯೭೧ರಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ ಸುಮಾರು ೩,೩೦೦ ಮಂದಿ ಸತ್ತರು. ಅವರಲ್ಲಿ ನಾನ್ನೂರಕ್ಕೂ ಹೆಚ್ಚು ಮಂದಿ ಮಕ್ಕಳು. ಮರುವರ್ಷ ತಂದೆತಾಯಿಗಳು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದೇ ಹೆಸರಿಟ್ಟುಕೊಂಡು ಸಂಘ ಕಟ್ಟಿ ಬೀದಿಗಿಳಿದರು. ೧೯೭೭ರಲ್ಲಿ ಗ್ರೋನಿಂಗನ್ ಎಂಬ ಪಟ್ಟಣ ತನ್ನ ನಡುಭಾಗವನ್ನು ನಾಲ್ಕು ಪಾಲು ಮಾಡಿ, ಕಾರುಗಳು ಒಂದು ಪಾಲಿನಿಂದ ಇನ್ನೊಂದಕ್ಕೆ ನೇರವಾಗಿ ದಾಟದಂತೆ ಮಾಡಿತು. ಸುತ್ತು ಹಾಕಬೇಕಾದವರು ಕಾರಿನವರು, ನೆಟ್ಟಗೆ ಹೋಗುವವರು ಸೈಕಲ್ಲಿನವರು. ನಮ್ಮ ಕಾವಲಿನವನ ಸ್ಥಿತಿಯನ್ನು ತಲೆಕೆಳಗು ಮಾಡಿದ ಹಾಗೆ. ಅಂಗಡಿಯವರು ಕೂಗಾಡಿದರು, ಏರ್ಪಾಡು ನಿಂತಿತು.

ನಮ್ಮಲ್ಲೂ ಯತ್ನಗಳು ನಡೆದಿವೆ. ೨೦೧೨ರಲ್ಲಿ ಜಯನಗರದ ಬೀದಿಗಳಲ್ಲಿ ಸೈಕಲ್ಲಿಗೆಂದು ಗೆರೆ ಎಳೆದರು. ಗೆರೆಯ ಮೇಲೆ ಕಾರುಗಳು ನಿಂತವು. ೨೦೨೦ರ ಕೊನೆಯಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸಣ್ಣ ಕಂಬಗಳನ್ನು ನೆಟ್ಟು ಸೈಕಲ್ ಪಥ ಮಾಡಿದರು. ಸ್ಕೂಟರುಗಳು ಅದಕ್ಕೆ ನುಗ್ಗಿದವು, ಕಂಬಗಳು ಮುರಿದವು. ವಾಹನಗಳನ್ನಲ್ಲ, ಜನರನ್ನು ಸಾಗಿಸುವುದೇ ಗುರಿಯಾಗಬೇಕೆಂದು ಕೇಂದ್ರ ಸರಕಾರದ ನಗರ ಸಾರಿಗೆ ನೀತಿ ೨೦೦೬ರಲ್ಲೇ ಸಾರಿದೆ. ನೀತಿಗೆ ಕೊರತೆಯಿಲ್ಲ.

ಆದರೂ ಮಿತ್ರರ ಮಾತನ್ನು ನಾನು ಒಪ್ಪಲಿಲ್ಲ. ನಾನೊಬ್ಬನೇ ಆಗಿದ್ದರೆ ಒಪ್ಪುತ್ತಿದ್ದೆನೋ ಏನೋ. ನನಗೆ ಹನ್ನೊಂದು ವರ್ಷದ ಮಗಳಿದ್ದಾಳೆ. ಅವಳನ್ನು ಒಂದು ಹೋರಾಟದ ಮುಂಚೂಣಿಯಲ್ಲಿ ಮನೆಮಾಡಿಸಿ ನಿಲ್ಲಿಸುವ ಹಕ್ಕು ನನಗಿಲ್ಲ. ತಾನು ಸಾಯಲು ಸಿದ್ಧನಾದವನನ್ನು ಜನ ಧೀರನೆನ್ನುತ್ತಾರೆ; ತನ್ನ ಮಗುವಿನ ಕಾಲು ಮುರಿಯಲು ಸಿದ್ಧನಾದವನಿಗೆ ಏನು ಹೆಸರು?

ಮಗಳ ಮಾತು ಬಂದದ್ದರಿಂದ ನಿಜವಾದ ಜಗಳಕ್ಕೆ ಬಂದ ಹಾಗಾಯಿತು. ಇಷ್ಟು ಹೊತ್ತು ಹೇಳಿದ್ದೆಲ್ಲ ನನ್ನ ಕಚೇರಿಯ ದಾರಿಯ ವಿಚಾರ. ಗಂಡ ಹೆಂಡಿರ ನಡುವೆ ಅದು ದೊಡ್ಡದಲ್ಲ. ಒಂದು ಸಂಜೆ ಮಗಳು ಕೇಳಿದಳು: “ಅಪ್ಪ, ಯಾವ ಮನೆಗೆ ಹೋದರೆ ನಾನೂ ಸೈಕಲ್ಲಲ್ಲಿ ಹೋಗಬಹುದು?”

“ಕನಕಪುರ ರಸ್ತೆಯ ಮನೆಗೆ ಹೋದರೆ ದಿನವೆಲ್ಲ ಹೊಡೆಯಬಹುದು. ಒಳಗೆ ಒಂದು ಕಾರೂ ಜೋರಾಗಿ ಬರುವುದಿಲ್ಲ” ಎಂದಳು ಅವಳ ಅಮ್ಮ.

“ಎಲ್ಲಿಗೆ ಹೋಗಬಹುದು?”

ಎಲ್ಲಿಗೂ ಇಲ್ಲ. ಒಳಗೇ ಸುತ್ತಬಹುದು. ಸಂಜೆ ಐದರಿಂದ ಏಳರ ತನಕ ನೂರು ಸುತ್ತು ಸುತ್ತಿದರೂ ಹೊರಟಲ್ಲಿಗೇ ಬರಬೇಕು. ಬಸವನಗುಡಿಯಲ್ಲಾದರೆ ಪುಸ್ತಕಾಲಯವಿದೆ, ಗೆಳತಿಯ ಮನೆ ಇರಬಹುದು, ಗಾಂಧಿ ಬಜಾರಿನಲ್ಲಿ ಪೆನ್ಸಿಲು ಸಿಕ್ಕುತ್ತದೆ, ಆದರೆ ನಡುವೆ
ದಾಟಬೇಕಾದ ರಸ್ತೆಗಳಿವೆ, ತಿರುವಿನಲ್ಲಿ ನುಗ್ಗುವ ಆಟೋಗಳಿವೆ. ಒಂದು ಕಡೆ ಗುರಿಯಿಲ್ಲದ ಕ್ಷೇಮ, ಇನ್ನೊಂದು ಕಡೆ ಅಪಾಯವಿರುವ ಗುರಿ. ಹನ್ನೊಂದು ವರ್ಷದ ಹುಡುಗಿಗೆ ಇವುಗಳಲ್ಲಿ ಯಾವುದನ್ನು ಕೊಡಬೇಕು? ನಾನು ಗುರಿಯ ಪಕ್ಷ ಹಿಡಿದು ಮಾತನಾಡಿದೆ. ತಾನೇ ಒಂದು ಕಡೆಗೆ ಹೋಗಿ ತಾನೇ ಬರುವ ಹುಡುಗಿ ಬೇರೆಯೇ ಹುಡುಗಿಯಾಗಿ ಬೆಳೆಯುತ್ತಾಳೆ ಎಂದೆ. ಊರು ತನ್ನದೆಂದು ಅವಳಿಗೆ ತಿಳಿಯುವುದು ಹಾಗೆಯೇ ಎಂದೆ. ನನ್ನ ಹೆಂಡತಿ ಎಲ್ಲವನ್ನೂ ಕೇಳಿ ಮೂರೇ ಅಕ್ಷರದಲ್ಲಿ ಉತ್ತರ ಹೇಳಿದಳು: “ಬಿದ್ದರೆ?”

ಈ ಪ್ರಶ್ನೆಗೆ ವಾದದಲ್ಲಿ ಉತ್ತರವಿಲ್ಲ. ನಾನು ಸುಮ್ಮನಾದೆ. ಸುಮ್ಮನಾದದ್ದು ಒಳ್ಳೆಯದೇ ಆಯಿತು. ಮುಂದಿನ ಗುರುವಾರ ಆಕೆ ನನಗೆ ಹೇಳದೆ ಮೈಸೂರಿನಿಂದ ಮೊದಲ ರೈಲು ಹಿಡಿದು ಬಂದು ಬಸವನಗುಡಿಯ ಆ ಮನೆಯಿಂದ ಶಾಲೆಯ ತನಕ, ಶಾಲೆಯಿಂದ ಪುಸ್ತಕಾಲಯದ ತನಕ ಶಾಲೆಯ ಮಕ್ಕಳು ಓಡಾಡುವ ವೇಳೆಯಲ್ಲಿ ಎರಡು ಸಲ ನಡೆದಳು. ದಾಟಬೇಕಾದ ಜಾಗಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು. ಒಟ್ಟು ಒಂಬತ್ತು. ಏಳಕ್ಕೆ ಅಡ್ಡಿಯಿಲ್ಲ, ಎರಡು ಕೆಟ್ಟವು. ಒಂದನ್ನು ಸುತ್ತು ಹಾಕಿ ತಪ್ಪಿಸಬಹುದು. ಅಲ್ಲಿ ಬೀದಿಗಳಿಗೆ ಬಾಯಿಗಳು ಬಹಳ. ಇನ್ನೊಂದನ್ನು ತಪ್ಪಿಸಲಾಗದು. ಸಂಜೆ ಮನೆಗೆ ಬಂದು, “ಆ ಮನೆಯೇ ಇರಲಿ” ಎಂದಳು.

ನನ್ನ ತರ್ಕ ಗೆದ್ದಿತೆಂದು ಹಿಗ್ಗಿದೆ. ಆಕೆ ಆ ಹಿಗ್ಗನ್ನು ಉಳಿಸಲಿಲ್ಲ. “ನಿಮ್ಮ ಸೈಕಲ್ಲಿಗಾಗಿ ಅಲ್ಲ. ಅಲ್ಲಿ ನಾನು ಯಾರನ್ನೂ ಕೇಳದೆ ತರಕಾರಿಗೆ ನಡೆದುಕೊಂಡು ಹೋಗಿ ಬರಬಹುದು. ಆ ಕಡೆಯ ಮನೆಯಲ್ಲಿದ್ದರೆ ಒಂದು ಕಟ್ಟು ಕೊತ್ತಂಬರಿಗೂ ಯಾರಾದರೂ ಕರೆದುಕೊಂಡು ಹೋಗಬೇಕು” ಎಂದಳು. ನಾನು ಇಪ್ಪತ್ತು ದಿನ ನಕ್ಷೆ ಬಿಡಿಸಿ, ಇಲ್ಲಿಚ್‌ನನ್ನು ಕರೆತಂದು ಹುಡುಕುತ್ತಿದ್ದ ಅಳತೆಗೋಲನ್ನು ಆಕೆ ಕೊತ್ತಂಬರಿಯ ಕಟ್ಟಿನಿಂದ ಅಳೆದಿದ್ದಳು. ಕಾಲಿಗೆ ತೆರೆದಿರುವ ಬೀದಿ ಸೈಕಲ್ಲಿಗೂ ತೆರೆದಿರುತ್ತದೆ.

ನಾವು ಬಂದು ಒಂದು ವರ್ಷವಾಯಿತು. ಅಡಿಗೆಮನೆ ಇಕ್ಕಟ್ಟೇ, ಅದರ ಪಾಲಿನ ಕೆಲಸ ಕೆಲವು ನನ್ನ ಕೈಗೆ ಬಂದಿವೆ. ಕಚೇರಿಯ ದಾರಿಯಲ್ಲಿ ವಿಶ್ವೇಶ್ವರಪುರದ ತನಕ ನಾನು ಅರಸನಂತೆ ಹೋಗುತ್ತೇನೆ. ಮಿನರ್ವ ವೃತ್ತವನ್ನು ದಾಟಿದ ಮೇಲೆ ಹಡ್ಸನ್ ವೃತ್ತ ಮುಟ್ಟುವ ತನಕ ಬಸ್ಸುಗಳ ನಡುವೆ ಎಡಕ್ಕೆ ಒತ್ತಿಕೊಂಡು ಹೋಗಬೇಕು. ಅಲ್ಲಿ ಗಾಳಿಯ ಸುಖವೂ ಇಲ್ಲ, ಹೂವಿನವಳ ಕಡೆ ನೋಡುವ ಧೈರ್ಯವೂ ಇಲ್ಲ. ಹೆಂಡತಿ ಚೀಟಿಯಲ್ಲಿ ಬರೆದ ಆ ಒಂದು ಕೆಟ್ಟ ದಾಟು ಹಾಗೆಯೇ ಇದೆ. ಮಗಳು ಅಲ್ಲಿ ಇಳಿದು, ಸೈಕಲ್ಲನ್ನು ತಳ್ಳಿಕೊಂಡು, ಯಾರಾದರೂ ದೊಡ್ಡವರ ಜೊತೆಯಲ್ಲಿ ದಾಟಬೇಕೆಂದು ಕಟ್ಟುಪಾಡು. ದಾಟಿದ ಮೇಲೆ ಅವಳು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅವಳು ಹಿಂತಿರುಗುವ ತನಕ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಕೆಲಸ ಹಚ್ಚಿಕೊಳ್ಳುತ್ತೇವೆ.

ಅಲ್ಲಿ ಪಾದಚಾರಿಗಳಿಗೆ ಒಂದು ದೀಪದ ಕಂಬ ಬೇಕೆಂದು ಬೀದಿಯವರು ಅರ್ಜಿ ಬರೆದಿದ್ದೇವೆ. ಯಾರಿಗೆ ಕೊಡಬೇಕೆಂಬುದೇ ಚರ್ಚೆಯಾಯಿತು. ೨೦೨೦ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ೨೦೨೫ರಲ್ಲಿ ಆ ಪಾಲಿಕೆಯನ್ನೇ ಐದಾಗಿ ಒಡೆದರು. ಸಂಚಾರ ಪೊಲೀಸರಿಗೆ ಒಂದು, ಪಾಲಿಕೆಗೆ ಒಂದು ಎಂದು ಕೊನೆಗೆ ಎರಡು ಪ್ರತಿ ಮಾಡಿದೆವು. ಇಪ್ಪತ್ತೊಂದು ಸಹಿಗಳಾಗಿವೆ. ಬೆಳಗ್ಗೆ ಐದೂವರೆಗೆ ಪತ್ರಿಕೆ ಹಾಕಲು ಬರುವ ಯುವಕ, ತಾನು ಈ ಬೀದಿಯವನಲ್ಲ, ತನ್ನ ಸಹಿ ನಡೆಯುತ್ತದೆಯೆ ಎಂದು ಕೇಳಿದ. ನಡೆಯುತ್ತದೆ ಎಂದೆವು. ಸೈಕಲ್ಲಿಂದ ಇಳಿಯದೆ, ಒಂದು ಕಾಲನ್ನು ನಮ್ಮ ಮೆಟ್ಟಿಲ ಮೇಲಿಟ್ಟು, ಎರಡು ಪ್ರತಿಗೂ ಸಹಿ ಹಾಕಿ ಹೋದ.